ಪೆನ್ಸಿಲ್ ಇಲ್ಲದ ಮೂರು ವರ್ಷ

ಕೆರೆಯ ಹೆಸರು ಬರೆಯುವುದಿಲ್ಲ. ಹೆಸರು ಗೊತ್ತಾದರೆ ಉದ್ದುದ್ದ ಕ್ಯಾಮೆರಾ ಹಿಡಿದವರು ಭಾನುವಾರ ಬೆಳಿಗ್ಗೆ ಕಾರುಗಳಲ್ಲಿ ಬಂದಿಳಿಯುತ್ತಾರೆ ಎಂಬ ಭಯದಿಂದ ನಾವಿಬ್ಬರೂ ಇಪ್ಪತ್ತು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಆ ಭಯಕ್ಕೆ ಕಾರಣ ಉಳಿದಿಲ್ಲ, ಅಭ್ಯಾಸ ಉಳಿದಿದೆ. ಮೈಸೂರಿನ ಅಂಚಿನಲ್ಲಿದೆ, ಸುತ್ತ ಬಡಾವಣೆಗಳಾಗಿವೆ, ಬೆಳಿಗ್ಗೆ ಸಂಜೆ ಜನ ವಾಕಿಂಗ್ ಬರುತ್ತಾರೆ ಎಂದಷ್ಟು ಹೇಳಿದರೆ ಸಾಕು.

ಕೆರೆಯ ಪಶ್ಚಿಮಕ್ಕೆ, ಏರಿ ಮುಗಿಯುವಲ್ಲಿ, ಒಂದು ಪೊದೆಗಾಡು ಇತ್ತು. ಹೊಂಗೆ, ಜಾಲಿ, ನಡುವೆ ಎರಡು ಬಿದಿರು ಮೆಳೆ, ಅಡಿಯಲ್ಲೆಲ್ಲ ಲಂಟಾನ. ನೋಡುವುದಕ್ಕೆ ಚೆಂದವೇನಲ್ಲ. ಈ ತುದಿಯಿಂದ ಆ ತುದಿಗೆ ಐದು ನಿಮಿಷದ ನಡಿಗೆ. ಚಳಿಗಾಲವನ್ನು ಘಟ್ಟದ ಕಾಡಿನಲ್ಲೋ ಲಂಕೆಯಲ್ಲೋ ಕಳೆದ ಹಕ್ಕಿಗಳು ಮಾರ್ಚ್, ಏಪ್ರಿಲ್‌ನಲ್ಲಿ ಉತ್ತರಕ್ಕೆ ಮರಳುವಾಗ ಒಂದು ದಿನ, ಎರಡು ದಿನ ಅಲ್ಲಿ ಇಳಿದು ಹೋಗುತ್ತಿದ್ದವು. ಪಂಚಾಂಗದ ಪ್ರಕಾರ ಅದು ವಸಂತ. ಮೈಗೆ ಗೊತ್ತಾಗುವುದು ಬೇಸಿಗೆ ಮಾತ್ರ. ಒಂಬತ್ತು ಗಂಟೆಗೆಲ್ಲ ಬೈನಾಕ್ಯುಲರ್ ಹಿಡಿದ ಅಂಗೈ ಬೆವರುತ್ತದೆ, ನೀರು ಹಿಂದೆ ಸರಿದ ಕಡೆ ಕಪ್ಪು ಕೆಸರು ನಾರುತ್ತದೆ. ಆ ಪೊದೆಗಾಡು ಹೋದದ್ದು ಹೇಗೆ, ಅದರಲ್ಲಿ ನನ್ನ ಪಾಲೆಷ್ಟು ಎಂಬುದನ್ನು ಬರೆದಿಡಬೇಕು. ನೆನಪು ಈಗಾಗಲೇ ನನ್ನ ಪರವಾಗಿ ವಾದ ಶುರುಮಾಡಿದೆ. ಅದು ಗೆಲ್ಲುವ ಮೊದಲು ಬರೆಯುವುದು ಒಳ್ಳೆಯದು.

ನನ್ನ ಜೊತೆ ಬರುತ್ತಿದ್ದವರು ಮಂಡಿ ಮೊಹಲ್ಲಾದಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟಿದ್ದವರು. ನನಗಿಂತ ಇಪ್ಪತ್ತೆರಡು ವರ್ಷ ದೊಡ್ಡವರು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಲು ಸೇರಿದ ಹೊಸತರಲ್ಲಿ ಅಮ್ಮನ ಹಳೆಯ ಕೀ ಕೊಡುವ ವಾಚನ್ನು ಅವರ ಹತ್ತಿರ ಒಯ್ದಿದ್ದೆ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಸಣ್ಣ ಅಂಗಡಿ. ಗೋಡೆ ಗಡಿಯಾರಗಳ ನಡುವೆ ಮೊಳೆಗೆ ಒಂದು ಬೈನಾಕ್ಯುಲರ್ ನೇತುಹಾಕಿದ್ದರು. ಅದೂ ರಿಪೇರಿಗೆ ಬಂದದ್ದೇ ಎಂದು ಕೇಳಿದೆ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯದೆಯೇ, ಅದು ತನ್ನದು, ಹಕ್ಕಿ ನೋಡುವುದಕ್ಕೆ ಎಂದರು. ಮುಂದಿನ ಭಾನುವಾರ ನಾನೂ ಕೆರೆಗೆ ಹೋದೆ. ಅಂದಿನಿಂದ ಅವರನ್ನು ಅಣ್ಣ ಎಂದು ಕರೆದೆ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ, ಏನಮ್ಮ, ಬಾಮ್ಮ, ಅಷ್ಟೇ.

ಅವರಲ್ಲಿ ಒಂದು ರಿಜಿಸ್ಟರ್ ಇತ್ತು. ಅಂಗಡಿಯಲ್ಲಿ ಗಿರಾಕಿಗಳ ವಾಚು ಬರೆದುಕೊಳ್ಳುವಂಥದೇ, ಉದ್ದನೆಯ ರಟ್ಟಿನ ಪುಸ್ತಕ. ಅದಕ್ಕೆ ಅವರದೊಂದು ಕಟ್ಟುನಿಟ್ಟು. ಒಬ್ಬರಿಗೆ ಮಾತ್ರ ಕಂಡ ಹಕ್ಕಿಯನ್ನು ಪೆನ್ಸಿಲ್ಲಿನಲ್ಲಿ ಬರೆಯಬೇಕು. ಎರಡನೆಯವರಿಗೂ ಕಂಡರೆ ಮಾತ್ರ ಅದರ ಮೇಲೆ ಇಂಕಿನಲ್ಲಿ ತಿದ್ದಬೇಕು. ಪೊದೆಯ ಹಕ್ಕಿಗಳು ಹೆಬ್ಬೆರಳಿನಷ್ಟಿರುತ್ತವೆ, ಎಲೆಯ ಹಿಂದಿನಿಂದ ಎಲೆಯ ಹಿಂದಕ್ಕೆ ಹಾರುತ್ತವೆ, ಒಬ್ಬರು ಕೈ ತೋರಿಸುವಷ್ಟರಲ್ಲಿ ಇರುವುದಿಲ್ಲ. ಹಾಗಾಗಿ ಪ್ರತಿ ಪುಟದಲ್ಲೂ ಪೆನ್ಸಿಲ್ ಸಾಲುಗಳು ಇರುತ್ತಿದ್ದವು. ಕೆಲವು ಅವರವು, ಕೆಲವು ನನ್ನವು. ಒಮ್ಮೆ ನಾನು ನೊಣಹಿಡುಕವೊಂದನ್ನು ಅರ್ಧ ಗಂಟೆ ನೋಡಿದ್ದೆ, ಅವರು ಆಚೆ ಬದಿಯಲ್ಲಿದ್ದರು. ಪೆನ್ಸಿಲ್ಲೇ ಆಯಿತು. ನಾನು ಬೇಸರ ಮಾಡಿಕೊಂಡೆ. ನಾಳೆ ಅದು ಇದ್ದರೆ ಇಂಕು, ಹೋಗಿದ್ದರೆ ಅದರ ಹಣೆಬರಹ ಎಂದರು. ಮಾರನೆ ದಿನ ಅದು ಹೋಗಿತ್ತು.

ವಾಕಿಂಗ್ ಬರುವವರಿಗೆ ನಾವು ತಮಾಷೆಯ ವಸ್ತು. ಬೆಳಿಗ್ಗೆ ಬೆಳಿಗ್ಗೆ ಒಬ್ಬ ಹೆಂಗಸು, ಒಬ್ಬ ಮುದುಕ, ಪೊದೆಯ ಕಡೆ ಮುಖಮಾಡಿ ಗಂಟೆಗಟ್ಟಲೆ ನಿಂತಿರುವುದು. ಬಿಳಿ ಬೂಟಿನವರೊಬ್ಬರು ದಿನವೂ ಕೇಳುತ್ತಿದ್ದರು, "ಏನ್ ಸ್ವಾಮಿ, ಇವತ್ತು ಎಷ್ಟು ಕೋಳಿ?"

"ನೀವು ಇಂಗೆ ಏದುಸಿರು ಬುಟ್ಕೊಂಡು ಬಂದ್ರೆ ಒಂದೂ ನಿಲ್ಲಲ್ಲ ಕಣ್ರೀ," ಎನ್ನುತ್ತಿದ್ದರು ಅಣ್ಣ, ಬೈನಾಕ್ಯುಲರ್ ಇಳಿಸದೆ.

ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತಿತ್ತು. ಅದು ಕಣ್ಣಿನ ಒಳಪರದೆಗೆ ಇಳಿದದ್ದು ನನಗೆ ಗೊತ್ತಾದದ್ದು ಒಂದು ವಾಚಿನಿಂದ. ನಾಲ್ಕು ವರ್ಷದ ಹಿಂದೆ ಒಂದು ಮಾರ್ಚಿನಲ್ಲಿ ಅವರು ನನ್ನ ಕೈಗಡಿಯಾರವನ್ನು ಬಿಚ್ಚಿ ಒರೆಸಿ ಮತ್ತೆ ಜೋಡಿಸಿ ಕೊಟ್ಟರು. ಮನೆಗೆ ಬಂದು ನೋಡಿದರೆ ದೊಡ್ಡ ಮುಳ್ಳು ಹನ್ನೆರಡರ ಮೇಲಿರುವಾಗ ಸಣ್ಣ ಮುಳ್ಳು ಏಳಕ್ಕೂ ಎಂಟಕ್ಕೂ ನಡುವೆ ನಿಂತಿತ್ತು. ವಾಚ್ ರಿಪೇರಿ ಕಲಿಯುವ ಮೊದಲ ತಿಂಗಳಲ್ಲೂ ಯಾರೂ ಮಾಡದ ತಪ್ಪು. ನಾನು ಅದನ್ನು ಅವರಿಗೆ ತೋರಿಸಲಿಲ್ಲ. ಲಷ್ಕರ್ ಮೊಹಲ್ಲಾದ ಇನ್ನೊಂದು ಅಂಗಡಿಯಲ್ಲಿ ಸರಿಮಾಡಿಸಿಕೊಂಡೆ. ಮುಂದಿನ ಭಾನುವಾರ ಸರಿಯಾಗಿ ನಡೀತಿದೆಯಾ ಎಂದು ಅವರೇ ಕೇಳಿದರು. ಚೆನ್ನಾಗಿ ನಡೀತಿದೆ ಅಣ್ಣ ಎಂದೆ. ನನ್ನ ಸುಳ್ಳು ಶುರುವಾದದ್ದು ಕೆರೆಯಲ್ಲಿ ಎಂದು ಬಹಳ ದಿನ ನಂಬಿದ್ದೆ. ಬರೆಯುವಾಗ ತಿಳಿಯುತ್ತಿದೆ, ಶುರುವಾದದ್ದು ಅಲ್ಲಿ.

ಆ ಹೊತ್ತಿಗೆ ಅವರು ಸೈಕಲ್ ಬಿಟ್ಟಿದ್ದರು. ದಟ್ಟಗಳ್ಳಿಯ ನಮ್ಮ ಮನೆಯಿಂದ ನಾನು ಸ್ಕೂಟರಿನಲ್ಲಿ ಮಂಡಿ ಮೊಹಲ್ಲಾಕ್ಕೆ ಹೋಗಿ, ಅವರನ್ನು ಹಿಂದೆ ಕೂರಿಸಿಕೊಂಡು ಕೆರೆಗೆ ಬರುತ್ತಿದ್ದೆ. ಅದೇ ವರ್ಷದ ಏಪ್ರಿಲ್ ನಡುವೆ, ಒಂದು ಬೆಳಿಗ್ಗೆ. ಅವರು ಅಷ್ಟರಲ್ಲಾಗಲೇ ನೀರಿನಲ್ಲಿ ತೇಲುತ್ತಿದ್ದ ಪ್ಲಾಸ್ಟಿಕ್ ಕವರನ್ನು ಬೆಳ್ಳಕ್ಕಿ ಎಂದಿದ್ದರು. ನಾನು ಕೇಳಿಸಿಕೊಳ್ಳದವಳಂತೆ ಮುಂದೆ ಹೋಗಿದ್ದೆ. ಬಿದಿರು ಮೆಳೆಯ ಎದುರು ನನ್ನ ಮೊಣಕೈ ಹಿಡಿದು ನಿಲ್ಲಿಸಿದರು.

"ಬುಡದಲ್ಲಿ. ನವರಂಗ. ಎಲೆ ಕೆದುಕ್ತಾ ಐತೆ."

ನವರಂಗವೆಂದರೆ ಮೈನಾದಷ್ಟಿರುವ, ಮೋಟು ಬಾಲದ, ನೆಲದಲ್ಲೇ ಓಡಾಡುವ ಹಕ್ಕಿ. ಹೆಸರಿನಷ್ಟೇ ಬಣ್ಣ. ಏಪ್ರಿಲ್‌ನಲ್ಲಿ ಒಂದೆರಡು ದಿನ ಇಳಿದು ಹೋಗುವಂಥದು. ಆ ಪೊದೆಯಲ್ಲಿ ನಾವಿಬ್ಬರೂ ಒಟ್ಟಿಗೆ ಅದನ್ನು ಎಂದೂ ನೋಡಿರಲಿಲ್ಲ. ನಾನು ನೋಡಿದೆ. ತರಗೆಲೆ ಇತ್ತು, ಅದರ ಮೇಲೆ ಬಿಸಿಲಿನ ಒಂದು ತುಂಡು ಬಿದ್ದಿತ್ತು, ಬಿದಿರು ಅಲ್ಲಾಡಿದಾಗ ಬಿಸಿಲು ಅಲ್ಲಾಡುತ್ತಿತ್ತು.

"ಕಾಣಿಸ್ತಾ?"

"ಹೂಂ ಅಣ್ಣ. ಕಾಣಿಸ್ತು."

ಅವರು ಜೇಬಿನಿಂದ ಪೆನ್ನು ತೆಗೆದರು. ರಿಜಿಸ್ಟರನ್ನು ಮುಖದ ಪಕ್ಕಕ್ಕೆ ಓರೆಯಾಗಿ ಹಿಡಿದು ಬರೆದರು. ಅಕ್ಷರ ಗೆರೆ ಬಿಟ್ಟು ಮೇಲೆ ಹತ್ತಿತ್ತು. ಮನೆಗೆ ಬಂದ ಮೇಲೆ, ಪ್ರತಿದಿನದಂತೆ, ನಾನು ಡೈರಿ ಬರೆದೆ. ಅದು ಈಗ ನನ್ನ ಎದುರಿಗಿದೆ. "ನವರಂಗ ಒಂದು, ಬಿದಿರ ಬುಡ. ಎದೆ ತಿಳಿ ಕಂದು ಹಳದಿ, ಹೊಟ್ಟೆಯಡಿ ಕೆಂಪು, ಕಣ್ಣಿನ ಮೇಲೆ ಕಪ್ಪು ಪಟ್ಟೆ. ಎರಡು ಸಲ ಕುಪ್ಪಳಿಸಿತು." ಅಣ್ಣನಿಗೆ ನೋವಾಗಬಾರದೆಂದು ಕೆರೆಯಲ್ಲಿ ಹೂಂ ಎಂದದ್ದು ಅರ್ಥವಾಗುತ್ತದೆ. ಮನೆಯಲ್ಲಿ, ಯಾರೂ ಓದದ ಡೈರಿಯಲ್ಲಿ, ಎರಡು ಸಲ ಕುಪ್ಪಳಿಸಿತು ಎಂದು ಬರೆಸಿದವರು ಯಾರು?

ಆಮೇಲೆ ಅದು ಸುಲಭವಾಯಿತು. ಅವರು ಉಲಿಯಕ್ಕಿ ಎಂದರೆ ಉಲಿಯಕ್ಕಿ, ನೊಣಹಿಡುಕ ಎಂದರೆ ನೊಣಹಿಡುಕ. ಕೆಲವು ಸಲ ನಿಜವಾಗಿಯೂ ಇರುತ್ತಿತ್ತು. ಆಗ ನನಗೆ ಎಷ್ಟು ಸಂತೋಷವಾಗುತ್ತಿತ್ತೆಂದರೆ ಅದಕ್ಕೂ ಮೊದಲಿನ ಹತ್ತು ಸುಳ್ಳು ತೊಳೆದುಹೋದಂತೆ ಅನ್ನಿಸುತ್ತಿತ್ತು. ಹಾಗೆ ಮೂರು ಬೇಸಿಗೆ ಕಳೆದವು. ಅಂಗಡಿ ಮುಚ್ಚಿದರು. ಭಾನುವಾರದ ಕೆರೆಯೊಂದೇ ಉಳಿಯಿತು.

ಹೋದ ವರ್ಷ ಫೆಬ್ರವರಿಯಲ್ಲಿ ಏರಿಯ ಮೇಲೆ ಒಂದು ಬೋರ್ಡು ಬಂತು. ಪಶ್ಚಿಮದ ಪೊದೆ ತೆಗೆದು ಕಲ್ಲು ಹಾಸಿದ ದಾರಿ, ಬೆಂಚು, ದೀಪ ಹಾಕುವುದೆಂದು. ನಾವು ಸಂಬಂಧಪಟ್ಟ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ಕೆಟ್ಟ ಮನುಷ್ಯನಾಗಿದ್ದರೆ ಈ ಬರವಣಿಗೆ ಸುಲಭವಾಗುತ್ತಿತ್ತು. ಅವರು ಕುರ್ಚಿ ಹಾಕಿಸಿದರು, ಪೂರ್ತಿ ಕೇಳಿಸಿಕೊಂಡರು. ಪೊದೆಯಲ್ಲಿ ಹಾವಿದೆ, ಕುಡಿದವರು ಕೂರುತ್ತಾರೆ, ಸಂಜೆ ಆ ಕಡೆ ಹೋಗಲು ಹೆದರಿಕೆ ಎಂದು ವಾಕಿಂಗ್ ಬರುವ ಹೆಂಗಸರು ಅರ್ಜಿ ಕೊಟ್ಟಿದ್ದರು. ಆ ಅರ್ಜಿಯೂ ಸುಳ್ಳಲ್ಲ. ದಾರಿಯನ್ನು ಪೂರ್ವದ ಕಡೆಯಿಂದ ತರಲು ಆಗುತ್ತದೆ, ಆದರೆ ಅದಕ್ಕೆ ಮೇಲಿನವರಿಗೆ ಕಾರಣ ತೋರಿಸಬೇಕು ಎಂದರು. ಹಳೆಯ ಕಥೆ ಬೇಡ. ಈಚಿನ ಮೂರು ವರ್ಷದಲ್ಲಿ ಆ ಹಕ್ಕಿಗಳು ಆ ಪೊದೆಗೇ ಬರುತ್ತಿವೆ ಎಂಬ ದಾಖಲೆ ಬೇಕು. ಹಕ್ಕಿ ಅಧ್ಯಯನ ಮಾಡುವ ಒಬ್ಬ ಸಂಶೋಧಕಿಗೆ ಅದನ್ನು ತೋರಿಸುತ್ತೇವೆ, ಆಕೆ ಒಪ್ಪಿ ಬರೆದುಕೊಟ್ಟರೆ ಪೊದೆ ಮುಟ್ಟುವುದಿಲ್ಲ.

ಅಣ್ಣ ರಿಜಿಸ್ಟರುಗಳನ್ನು ದಿನಪತ್ರಿಕೆಯಲ್ಲಿ ಸುತ್ತಿ ತಂದಿದ್ದರು. ಮೇಜಿನ ಮೇಲೆ ಇಟ್ಟರು. ಇಂಕು, ಪೆನ್ಸಿಲ್‌ನ ಕ್ರಮವನ್ನು ನಾನೇ ವಿವರಿಸಿದೆ. ಇಬ್ಬರೂ ನೋಡದ್ದು ಒಂದೂ ಇಂಕಿನಲ್ಲಿಲ್ಲ ಸರ್ ಎಂದೆ. ಧ್ವನಿ ನಡುಗಲಿಲ್ಲ. ಅಣ್ಣ ಕಿಟಕಿಯ ಕಡೆ ನೋಡುತ್ತಿದ್ದರು. ಕಚೇರಿಗಳಲ್ಲಿ ಅವರಿಗೆ ಸಂಕೋಚ ಎಂದುಕೊಂಡೆ.

ಹತ್ತು ದಿನ ಬಿಟ್ಟು ಸಂಶೋಧಕಿ ಫೋನು ಮಾಡಿದಳು. ನಮ್ಮ ಕಾಲೇಜಿಗೇ ಬಂದಳು. ಮೂವತ್ತು ದಾಟಿರದ ಹುಡುಗಿ, ಮಾತು ಮೆಲ್ಲಗೆ. ಕಾರಿಡಾರಿನ ಕಲ್ಲುಬೆಂಚಿನ ಮೇಲೆ ಎರಡು ರಿಜಿಸ್ಟರುಗಳನ್ನು ಅಕ್ಕಪಕ್ಕ ಬಿಚ್ಚಿಟ್ಟಳು. ಹಳೆಯದನ್ನು ಮುಟ್ಟಿ, ಇಷ್ಟು ಚೆನ್ನಾಗಿ ಇಟ್ಟ ದಾಖಲೆಯನ್ನು ತಾನು ನೋಡಿಲ್ಲ ಎಂದಳು. ಆಮೇಲೆ ಹೊಸದನ್ನು ನನ್ನ ಕಡೆ ತಿರುಗಿಸಿದಳು.

"ಹಳೇದ್ರಲ್ಲಿ ಪುಟಕ್ಕೆ ನಾಲ್ಕೋ ಐದೋ ಪೆನ್ಸಿಲ್ ಇದೆ ಮೇಡಂ. ಇದ್ರಲ್ಲಿ ಒಂದೂ ಇಲ್ಲ. ಮೂರು ವರ್ಷ ಅಂಥ ಪೊದೇಲಿ ಇಬ್ರಿಗೂ ಪ್ರತಿಯೊಂದೂ ಕಂಡಿದೆಯಾ?"

ನಾನು ಆ ಪುಟಗಳನ್ನು ವಾರವಾರವೂ ನೋಡಿದ್ದೆ. ಬಿ.ಎ. ಹುಡುಗರಿಗೆ ಸಾಕ್ಷ್ಯವನ್ನು ಹೇಗೆ ಪರೀಕ್ಷಿಸಬೇಕೆಂದು ಪಾಠ ಹೇಳುವವಳು. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಬೇರೆ ಯಾರಾದರೂ ಅಲ್ಲಿ ಹಕ್ಕಿ ನೋಡಿ ದಾಖಲಿಸಿದ್ದಾರೆಯೇ ಎಂದು ತಾನು ಹುಡುಕಿದ್ದಾಗಿ ಹೇಳಿದಳು. ಈಗ ಎಲ್ಲರೂ ಮೊಬೈಲಿನಲ್ಲೇ ಹಾಕುತ್ತಾರೆ, ಊರಿನ ಬೇರೆ ಕೆರೆಗಳಿಗೆಲ್ಲ ರಾಶಿ ದಾಖಲೆಗಳಿವೆ, ಈ ಕೆರೆಗೆ ಮಾತ್ರ ಒಂದೂ ಇಲ್ಲ. ಇಪ್ಪತ್ತು ವರ್ಷ ಬಾಯಿ ಬಿಡದೆ ಕಾಪಾಡಿದ್ದರ ಫಲ ಅದು. ನಾವು ಸಾಕ್ಷಿಗಳನ್ನೇ ದೂರ ಇಟ್ಟಿದ್ದೆವು.

ನನ್ನ ಮುಖ ನೋಡಿ ಅವಳಿಗೆ ಅರ್ಥವಾಗಿರಬೇಕು. ಒತ್ತಾಯಿಸಲಿಲ್ಲ. ಇಬ್ಬರೂ ಖಂಡಿತವಾಗಿ ನೋಡಿದ್ದು ಯಾವುದೋ ಅದಕ್ಕೆ ಮಾತ್ರ ಟಿಕ್ ಹಾಕಿಕೊಡಿ ಎಂದಳು. ಪೊದೆಯೊಳಗಿನ ಹತ್ತು ದಾಖಲೆ ಸಿಕ್ಕರೂ ಸಾಕು, ಉಳಿಸಬೇಕೆಂದು ತಾನು ಬರೆಯುತ್ತೇನೆ. ಒಂದು ವಾರ ಸಮಯ.

ಅಂದು ಸಂಜೆ ರಿಜಿಸ್ಟರನ್ನೂ ನನ್ನ ಡೈರಿಯನ್ನೂ ಇಟ್ಟುಕೊಂಡು ಕೂತೆ. ಒಂದಕ್ಕೊಂದು ಸರಿಯಾಗಿ ಹೊಂದುತ್ತಿದ್ದವು. ಹೊಂದಲೇಬೇಕು, ಡೈರಿ ಬರೆದದ್ದು ರಿಜಿಸ್ಟರಿನ ನೆನಪಿನಿಂದ. ಒಂದು ಇನ್ನೊಂದನ್ನು ನಕಲು ಮಾಡಿದ್ದರೆ ಎರಡನ್ನೂ ಸೇರಿಸಿ ಒಂದೇ ಆಧಾರ ಎಂದು ಎಣಿಸಿ ಎಂದು ತರಗತಿಯಲ್ಲಿ ಹೇಳಿದ್ದು ಎಷ್ಟು ಸಲವೋ. ಕಣ್ಣು ಮುಚ್ಚಿ ಒಂದೊಂದೇ ಬೆಳಿಗ್ಗೆಯನ್ನು ಕರೆದುಕೊಂಡು ಬರಲು ನೋಡಿದೆ. ಬಂದವು. ಎಲ್ಲ ಬಂದವು. ನವರಂಗವೂ ಬಂತು, ಬಿಸಿಲಿನ ತುಂಡಿನ ಮೇಲೆ ನಿಂತು ಎರಡು ಸಲ ಕುಪ್ಪಳಿಸಿತು. ಕಾಣದ್ದನ್ನು ಮೂರು ವರ್ಷ ಕಂಡೆ ಎಂದರೆ ಅದು ಕಾಣತೊಡಗುತ್ತದೆ. ಕಂಡದ್ದೂ ಕಾಣದ್ದೂ ನನ್ನೊಳಗೆ ಒಂದೇ ಇಂಕಿನಲ್ಲಿದ್ದವು.

ಆಗ ಇನ್ನೊಂದು ವಿಷಯ ಹೊಳೆಯಿತು. ಅವರು ತೋರಿಸಿದ್ದಕ್ಕೆಲ್ಲ ನಾನು ಹೂಂ ಎಂದೆ, ಹಾಗಾಗಿ ಅವರ ಪೆನ್ಸಿಲ್ ಇಲ್ಲ. ಸರಿ. ನಾನು ತೋರಿಸಿದ್ದು? ನನಗೆ ಮಾತ್ರ ಕಂಡ ಹಕ್ಕಿಗಳೂ ಇದ್ದೇ ಇರಬೇಕು. ನನ್ನ ಪೆನ್ಸಿಲ್ ಎಲ್ಲಿ ಹೋಯಿತು?

ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಮಂಡಿ ಮೊಹಲ್ಲಾದಲ್ಲಿ, ಮುಚ್ಚಿದ ಅಂಗಡಿಯ ಹಿಂದಿನ ಎರಡು ಕೋಣೆ. ಕೆರೆಗೆ ಹೊರಡಲು ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಮಂಚದ ಮೇಲೆ ಸಿದ್ಧರಾಗಿ ಕೂತಿದ್ದರು. ಅವರ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದ ಮೇಲೆ, ಸಂಶೋಧಕಿ ಬಂದದ್ದು, ಕೇಳಿದ್ದು ಎಲ್ಲ ಹೇಳಿದೆ. ನಾನು ಕಾಣದ್ದನ್ನು ಕಂಡೆ ಎಂದದ್ದನ್ನೂ ಹೇಳಿದೆ. ಹೇಳುವಾಗ ಅವರ ಮುಖ ನೋಡಲಿಲ್ಲ, ಆದ್ದರಿಂದ ಅದು ಹೇಗಿತ್ತೆಂದು ಬರೆಯಲಾರೆ.

ಅವರು ಕೇಳಿದರು, "ನವರಂಗಾನೂ?"

"ಅದೂ."

"ಅದು ಇತ್ತು ಕಣಮ್ಮ," ಎಂದರು. "ನೀನು ನೋಡ್ದೆ ಇದ್ರೆ ಇಲ್ಲ ಅಂತಲ್ಲ."

ನಾನು ಒಪ್ಪಿಕೊಂಡೆ. ಇದ್ದಿರಬಹುದು. ಆಮೇಲೆ ನನ್ನ ಪೆನ್ಸಿಲ್ಲಿನ ವಿಷಯ ಕೇಳಿದೆ. ನಾನು ತೋರಿಸಿದ ಹಕ್ಕಿಗಳು ಅವರಿಗೆ ಕಂಡಿದ್ದವೇ?

ಅವರು ಎರಡೂ ಅಂಗೈಗಳಿಂದ ಮೊಣಕಾಲು ತಿಕ್ಕಿಕೊಂಡರು. ನಾನು ಕೈ ತೋರಿಸಿದ ಕಡೆ ತಾವು ಮುಖ ತಿರುಗಿಸುತ್ತಿದ್ದುದಾಗಿ ಹೇಳಿದರು. ನೇರ ನೋಡಿದರೆ ನಡುವೆ ಕಪ್ಪು ಬಿಲ್ಲೆ, ಅಂಚಿನಲ್ಲಿ ಮಾತ್ರ ಅಲ್ಲಾಡುವುದು ಗೊತ್ತಾಗುತ್ತಿತ್ತು, ಹಕ್ಕಿಯೋ ಎಲೆಯೋ ತಿಳಿಯದು. ನನ್ನ ಉಸಿರು ನಿಲ್ಲುವುದು ಕೇಳಿಸುತ್ತಿತ್ತಂತೆ. ಅದು ಕೇಳಿಸಿದರೆ ಹಕ್ಕಿ ಇದೆ ಎಂದು ಗೊತ್ತು ಮಾಡಿಕೊಂಡು ಹೂಂ ಎನ್ನುತ್ತಿದ್ದರು. ಎಷ್ಟು ವರ್ಷದಿಂದ ಎಂದು ಕೇಳಿದೆ. ಮೂರೋ ನಾಲ್ಕೋ, ಒಂದೇ ದಿನ ಆದದ್ದಲ್ಲವಲ್ಲ ಎಂದರು. ನನಗೆ ಯಾಕೆ ಹೇಳಲಿಲ್ಲ?

"ಹೇಳಿದ್ರೂ ಸ್ಕೂಟ್ರಲ್ಲಿ ಕೂರ್ಸ್ಕೊಂಡು ಹೋಗ್ತಿದ್ದೆ ನೀನು. ಪಾಪ ಅಂತ ಹೋಗ್ತಿದ್ದೆ. ಆಗ ಪೆನ್ನು ನನ್ ಕೈಲಿ ಇರ್ತಿತ್ತಾ?"

ಪಾಪ ಎಂದೇ ನಾನು ಮೂರು ವರ್ಷದಿಂದ ಕರೆದುಕೊಂಡು ಹೋಗುತ್ತಿದ್ದದ್ದು.

ಆ ದಿನ ಕೆರೆಗೆ ಹೋಗಲಿಲ್ಲ. ನಾನು ಒಂದೊಂದೇ ಸಾಲು ಓದಿದೆ: ದಿನ, ಹಕ್ಕಿ, ಜಾಗ. ನನಗೆ ಖಂಡಿತವಾಗಿ ಕಂಡಿತ್ತೇ, ಅವರಿಗೆ ಖಂಡಿತವಾಗಿ ಕಂಡಿತ್ತೇ. ಎರಡಕ್ಕೂ ಹೌದು ಎಂದರೆ ಟಿಕ್. ಮೊದಮೊದಲು ಅವರು ತಟ್ಟನೆ ಹೇಳುತ್ತಿದ್ದರು, ಇದು ಹೌದು, ಇದು ಇಲ್ಲ. ಸ್ವಲ್ಪ ಹೊತ್ತಿಗೆ ನಿಧಾನವಾಯಿತು. ಹೊಂಗೆ ಮರದ ಉಲಿಯಕ್ಕಿ ಅವರು ತೋರಿಸಿದ್ದೇ ನಾನು ತೋರಿಸಿದ್ದೇ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ಅವರದೆಂದು ನಾನು, ನನ್ನದೆಂದು ಅವರು. ಹಾಗಾದರೆ ಅದು ಯಾರಿಗೆ ಕಂಡದ್ದು? ಇಬ್ಬರೂ ಹೂಂ ಎಂದಿದ್ದೆವು, ಇಂಕು ಬಿದ್ದಿತ್ತು. ಓದುತ್ತ ಹೋದಂತೆ ಅವರು ಹೌದು ಅನ್ನುವುದನ್ನೇ ಬಿಟ್ಟರು. ಕೊನೆಗೆ ನಾಲ್ಕು ಟಿಕ್ ಉಳಿದವು. ಮೆಟ್ಟಿಲಿನ ಮೇಲೆ ನಮ್ಮ ಕಾಲಿನ ಹತ್ತಿರಕ್ಕೇ ಬಂದು ಬಾಲ ಕುಣಿಸಿದ ಸಿಪಿಲೆ. ಪಂಪ್‌ಹೌಸಿನ ಆಲದ ಮರದಲ್ಲಿ ಕಿವಿ ಕಿತ್ತುಹೋಗುವಂತೆ ಕೂಗುತ್ತಿದ್ದ ಗುಲಾಬಿ ಕಬ್ಬಕ್ಕಿಗಳ ಹಿಂಡು, ಎರಡು ವರ್ಷ, ಎರಡು ಸಲ. ಕೆಸರಿನ ಅಂಚಿನಲ್ಲಿ ಒಂದು ಗೊರವ ಹಕ್ಕಿ. ಪೊದೆಯೊಳಗಿನದು ಒಂದೂ ಇರಲಿಲ್ಲ.

"ಹತ್ತು ಬೇಕು ಅಂದ್ಲಲ್ಲ," ಎಂದರು ಅಣ್ಣ.

"ಹೌದು."

"ಹಾಕ್ಬುಡು."

ಅವರು ವಿವರಿಸಿದರು, ಚಿಕ್ಕ ಮಕ್ಕಳಿಗೆ ಹೇಳುವಂತೆ. ಆ ಹಕ್ಕಿಗಳು ಅಲ್ಲಿಗೆ ಬರುವುದು ಸುಳ್ಳಲ್ಲ. ಹಳೆಯ ಪುಸ್ತಕದಲ್ಲಿ ಪುಟಪುಟವೂ ಅದೇ ಇದೆ. ಈ ಮೂರು ವರ್ಷವೂ ಬಂದೇ ಬಂದಿರುತ್ತವೆ, ನಮ್ಮ ಕಣ್ಣು ಹೋಯಿತೆಂದು ಅವು ದಾರಿ ಬದಲಿಸಿರುವುದಿಲ್ಲ. ಹತ್ತು ಟಿಕ್‌ನಲ್ಲಿ ಏನಿದೆ? ಪೊದೆ ಉಳಿಯುತ್ತದೆ.

ಅವರ ಮಾತು ಸರಿ ಇತ್ತು. ಈಗಲೂ ಸರಿ ಎಂದೇ ಅನ್ನಿಸುತ್ತದೆ. ಆದರೂ ನಾನು, ಆಗಲ್ಲ ಅಣ್ಣ, ಅವಳ ಮುಂದೆ ಸುಳ್ಳು ಹೇಳಕ್ಕೆ ಆಗಲ್ಲ ಎಂದೆ.

ಅವರು ನನ್ನ ಧ್ವನಿ ಬಂದ ಕಡೆ ಮುಖ ತಿರುಗಿಸಿದರು. ನೇರವಾಗಿ ಅಲ್ಲ, ಸ್ವಲ್ಪ ಪಕ್ಕಕ್ಕೆ, ಅಂಚಿನ ಕಣ್ಣಿಗೆ ನಾನು ಸಿಗುವಂತೆ.

"ಮೂರು ವರ್ಷ ನನ್ ಮುಂದೆ ಎಂಗಮ್ಮ ಆಯ್ತು?"

ಈ ಮಾತನ್ನು ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದೇನೆ. ಕೋಪದಲ್ಲಿ ಹೇಳಲಿಲ್ಲ. ವಾಚಿನಲ್ಲಿ ಯಾವ ಹಲ್ಲು ಸವೆದಿದೆ ಎಂದು ಹುಡುಕುವಾಗಿನ ಧ್ವನಿ. ಅವರಿಗೆ ನಿಜವಾಗಿ ತಿಳಿಯಬೇಕಿತ್ತು. ನನಗೂ. ಸುಳ್ಳಿನಿಂದ ಯಾರಿಗೂ ಉಪಯೋಗವಿಲ್ಲದಾಗ ವಾರವಾರವೂ ಹೇಳಿದವಳಿಗೆ, ಒಂದು ಸುಳ್ಳಿನಿಂದ ಏನೋ ಉಳಿಯುವ ಹೊತ್ತಿಗೆ ಸತ್ಯ ಬೇಕಾಯಿತು. ಅದು ಪ್ರಾಮಾಣಿಕತೆ ಎಂದು ಕೆಲವು ದಿನ ನಂಬಿದೆ. ಈಗ ಅನ್ನಿಸುವುದು, ಆ ಹುಡುಗಿ ಓದಿದವಳು, ನನ್ನಂಥವಳು; ಅವಳ ಕಣ್ಣಿನಲ್ಲಿ ನಾನು ಚೆನ್ನಾಗಿ ಕಾಣಬೇಕಿತ್ತು. ಅಣ್ಣನ ಕಣ್ಣಿನಲ್ಲಿ ಹೇಗೆ ಕಂಡರೂ ನಡೆಯುತ್ತಿತ್ತು. ಇಷ್ಟೇ ಇರಲಾರದು. ಆದರೆ ಇದೂ ಅದರಲ್ಲಿ ಇತ್ತು.

ನಾಲ್ಕು ಟಿಕ್ ಹಾಕಿದ ರಿಜಿಸ್ಟರನ್ನು ಸಂಶೋಧಕಿಗೆ ಕೊಟ್ಟೆ. ಕಾರಣವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವಳು ಓದಿ, ಹೀಗೆ ಬರೆದುಕೊಡಲು ಧೈರ್ಯ ಬೇಕು ಮೇಡಂ ಎಂದಳು. ಆ ಹೊಗಳಿಕೆಗೆ ನನ್ನ ಮುಖ ಬಿಸಿಯಾಯಿತು, ಒಳಗೆ ಒಂದು ಕ್ಷಣ ಹಿತವೂ ಆಯಿತು. ಇದನ್ನೂ ಬರೆದಿಡಬೇಕು. ಈ ಬೇಸಿಗೆಯಲ್ಲಿ ತಾನೇ ಬಂದು ಹೊಸದಾಗಿ ಎಣಿಸುತ್ತೇನೆ, ಅಲ್ಲಿಯತನಕ ಕಾಯಿರಿ ಎಂದು ಅವಳು ಕಚೇರಿಗೆ ಬರೆದಳು. ಕಚೇರಿ ಕಾಯಲಿಲ್ಲ, ಕೆಲಸ ಮುಗಿಸಲು ಅವರಿಗೂ ಒಂದು ಗಡುವಿತ್ತು.

ಏಪ್ರಿಲ್ ಎರಡನೆಯ ವಾರ ಜೆಸಿಬಿ ಬಂತು. ನಾನು ಮೊದಲ ಎರಡು ತರಗತಿಗೆ ರಜೆ ಹಾಕಿ ಹೋಗಿದ್ದೆ. ಬಿಳಿ ಬೂಟಿನವರು ಏರಿಯ ಮೇಲೆ ನಿಂತಿದ್ದರು. ನನ್ನನ್ನು ನೋಡಿ, ಇವತ್ತು ನಿಮ್ಮವರು ಬರಲಿಲ್ಲವೇ ಎಂದರು. ಇಲ್ಲ ಎಂದೆ. ಅವರು ಕೋಳಿಯ ಮಾತೆತ್ತಲಿಲ್ಲ. ಯಂತ್ರ ಮೊದಲು ಲಂಟಾನವನ್ನು ಬಾಚಿತು. ಜಾಲಿ ಬಿತ್ತು. ಬಿದಿರು ಮೆಳೆ ಒಂದೇ ಏಟಿಗೆ ಬೀಳಲಿಲ್ಲ, ಅಲ್ಲಾಡಿಸಿ ಅಲ್ಲಾಡಿಸಿ ಬೇರಿನ ಗಡ್ಡೆಸಮೇತ ಎತ್ತಬೇಕಾಯಿತು. ಧೂಳಿನೊಳಗಿಂದ ಸಣ್ಣ ಹಕ್ಕಿಗಳು ಹೊರಗೆ ಬಂದವು. ಒಂದೊಂದಾಗಿ, ಆಮೇಲೆ ಮೂರು ನಾಲ್ಕು ಒಟ್ಟಿಗೆ. ಇನ್ನೂ ಬೀಳದ ಹೊಂಗೆ ಮರಕ್ಕೆ ಹೋಗಿ ಕೂತವು. ಯಂತ್ರ ಆ ಕಡೆ ತಿರುಗಿದಾಗ ಅಲ್ಲಿಂದಲೂ ಎದ್ದವು. ಬಡಾವಣೆಯ ಮೇಲೆ, ನೀರಿನ ಟ್ಯಾಂಕುಗಳ ಮೇಲೆ ಹಾರಿಹೋದವು. ನನ್ನ ಕೊರಳಿನಲ್ಲಿ ಬೈನಾಕ್ಯುಲರ್ ಇತ್ತು. ಎತ್ತಿ ನೋಡಲಿಲ್ಲ.

ಮಧ್ಯಾಹ್ನ ಅಣ್ಣನ ಮನೆಗೆ ಹೋದೆ. ಪೊದೆ ಹೋಯಿತು ಎಂದೆ. ಬಿದಿರು ಎಷ್ಟು ಹೊತ್ತು ತಡೆಯಿತು ಎಂದು ಕೇಳಿದರು. ಹೇಳಿದೆ. ಒಳಗಿಂದ ಏನಾದರೂ ಹೊರಗೆ ಬಂತೇ ಎಂದರು. ಸಣ್ಣ ಹಕ್ಕಿಗಳು ಬಂದವು, ಯಾವುವು ಎಂದು ಗುರುತು ಹಿಡಿಯಲಿಲ್ಲ ಎಂದೆ. ಎಷ್ಟು ಎಂದರು. ಎಣಿಸಲಿಲ್ಲ ಎಂದೆ.

"ಎಣಿಸ್ಬೇಕಿತ್ತು," ಎಂದರು.

ಅದಾದ ಮೇಲೂ ಭಾನುವಾರಗಳಲ್ಲಿ ಅವರ ಮನೆಗೆ ಹೋಗುತ್ತೇನೆ. ಅವರ ಸಕ್ಕರೆಯ ಲೆಕ್ಕ, ನನ್ನ ಮೊಣಕಾಲು ನೋವು, ಮಾರ್ಕೆಟ್ಟಿನ ದಾರಿ ಅಗೆದಿರುವುದು, ಇಂಥವನ್ನೇ ಮಾತಾಡುತ್ತೇವೆ. ಕೆರೆಯ ಮಾತು ಬರುವುದಿಲ್ಲ. ಎಣಿಸಬೇಕಿತ್ತು ಎಂದು ಅವರು ಬಾಯಿಬಿಟ್ಟು ಹೇಳಿದರೋ, ಅವರ ಮೌನಕ್ಕೆ ನಾನೇ ಆ ಮಾತು ಕೊಟ್ಟೆನೋ ಎಂದು ಈಚೆಗೆ ಅನುಮಾನ. ಡೈರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಏನೂ ಇಲ್ಲ.